ಅಪ್‌ಡೇಟ್: ಲೈವ್ ಟಿವಿ ಬಫರಿಂಗ್ ಸರಿಹೋಯ್ತು

ಟಿವಿಗೆ ಸಿಕ್ಕಿಸಿದ ಸ್ಟ್ರೀಮಿಂಗ್ ಸ್ಟಿಕ್‌ನಲ್ಲಿ (ವೈಫೈ ಮೂಲಕ ವಿಡಿಯೋ ತೋರಿಸೋ ಸಣ್ಣ ಸಾಧನ) ಸಿನಿಮಾ ಸರಾಗವಾಗಿ ಓಡುತ್ತೆ, ಲೈವ್ ಮ್ಯಾಚ್ ಮಾತ್ರ ನಿಂತು ನಿಂತು ಚಕ್ರ ತಿರುಗುತ್ತೆ ಅಂತ ಹೋದ ವಾರ ಕೇಳಿದ್ದೆ. ಆ್ಯಪ್ ಕ್ಯಾಶ್ (ತಾತ್ಕಾಲಿಕವಾಗಿ ಉಳಿಸಿಟ್ಟ ಡೇಟಾ) ಅಳಿಸಿದ್ದು, ಡಿಎನ್‌ಎಸ್ (ಸೈಟ್ ಹೆಸರಿಗೆ ವಿಳಾಸ ಹುಡುಕೋ ಸೇವೆ) ಬದಲಿಸಿದ್ದು ಎರಡೂ ಪ್ರಯೋಜನಕ್ಕೆ ಬರಲಿಲ್ಲ. ಕೆಲಸ ಮಾಡಿದ್ದು, ಸ್ಟಿಕ್ಕನ್ನ ರೂಟರ್‌ನ 5 ಗಿಗಾಹರ್ಟ್ಸ್ ವೈಫೈಗೆ ಸೇರಿಸಿ ಅನ್ನೋ ಸಲಹೆ. ರೂಟರ್‌ನ ಎರಡೂ ವೈಫೈ ಬ್ಯಾಂಡ್‌ಗೆ (2.4 ಮತ್ತು 5 ಗಿಗಾಹರ್ಟ್ಸ್) ಒಂದೇ ಹೆಸರಿದ್ದರಿಂದ ಸ್ಟಿಕ್ ಪದೇಪದೇ 2.4ಕ್ಕೇ ಅಂಟಿಕೊಳ್ತಿತ್ತು. 5ಕ್ಕೆ ಬೇರೆ ಹೆಸರು ಕೊಟ್ಟು, ಸ್ಟಿಕ್‌ನಲ್ಲಿ ಹಳೇ ಹೆಸರನ್ನ ‘ಫರ್ಗೆಟ್’ ಮಾಡಿದ ಮೇಲೇ ದಾರಿಗೆ ಬಂತು. ಟಿವಿ ಬೆನ್ನಿಗೆ ಅಂಟಿದ್ದ ಸ್ಟಿಕ್ಕನ್ನ ಎಚ್‌ಡಿಎಂಐ ಎಕ್ಸ್‌ಟೆಂಡರ್ ಹಾಕಿ ಒಂದು ಗೇಣು ಈಚೆ ತಂದಾಗ ಸಿಗ್ನಲ್ ಇನ್ನೊಂದು ಕಡ್ಡಿ ಏರಿತು.

ನನಗೆ ಗೊತ್ತೇ ಇರದಿದ್ದ ವಿಷಯ: ಸಿನಿಮಾದ ಮುಂದಿನ ಭಾಗ ಮೊದಲೇ ಇಳಿದಿರುತ್ತೆ, ಲೈವ್‌ನಲ್ಲಿ ಮುಂದಿನ ಬಾಲ್ ಇನ್ನೂ ಹಾಕೇ ಇರಲ್ಲ, ಕೂಡಿಟ್ಟುಕೊಳ್ಳೋಕೆ ಸಿಗೋದು ಕೆಲವೇ ಸೆಕೆಂಡು. ಹಾಗಾಗಿ ಸ್ಪೀಡ್ ಟೆಸ್ಟ್ 50 ಎಂಬಿಪಿಎಸ್ ತೋರಿಸಿದ್ರೂ, ಸಿಗ್ನಲ್ ಅಷ್ಟು ಹೊತ್ತು ಕುಸಿದರೆ ಸಾಕು, ಚಿತ್ರ ನಿಲ್ಲುತ್ತೆ. ರೂಟರ್‌ಗೂ ಟಿವಿಗೂ ನಡುವೆ ಎರಡು ಗೋಡೆ ಇದ್ದರೆ 5 ಸೊರಗುತ್ತೆ, ಲ್ಯಾನ್ ಕೇಬಲ್ಲೇ ಎಳೆಯಿರಿ. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್!