ಕಡಲತೀರದ ಮದುವೆ: ಹುಣ್ಣಿಮೆ ಸಂಜೆಗೆ ಇಟ್ಟುಕೊಳ್ಳಬಹುದೇ?

ಹೊಸಹೆಜ್ಜೆ
ಹೊರದೇಶದ ಕಡಲತೀರದಲ್ಲಿ ಮದುವೆ, ಅಲ್ಲಿಂದಲೇ ನಾವಿಬ್ಬರೂ ಹನಿಮೂನ್‌ಗೆ ಹೊರಡೋದು ಅಂತ ಯೋಚನೆ. ಅತಿಥಿಗಳು ಸುಮಾರು 60 ಜನ. ಸೂರ್ಯ ಮುಳುಗೋ ಹೊತ್ತಿಗೆ ಸಮಾರಂಭ, ಆಮೇಲೆ ಮರಳ ಮೇಲೇ ಊಟ. ದೇಶ ಇನ್ನೂ ತೀರ್ಮಾನ ಆಗಿಲ್ಲ. ಮೊದಲು ಯಾವುದನ್ನ ಗಟ್ಟಿ ಮಾಡ್ಕೋಬೇಕು: ಜಾಗವೋ, ತಾರೀಖೋ, ಕಾಗದಪತ್ರವೋ?

ಮುದ್ರೆ_ಸಹಿ
ಕಾಗದಪತ್ರ, ಎರಡು ಮಾತಿಲ್ಲ. ಅಲ್ಲಿ ಕಾನೂನಿನ ಪ್ರಕಾರವೇ ಮದುವೆ ಆಗಬೇಕೋ, ಸಮಾರಂಭ ಮಾತ್ರ ಸಾಕೋ ಎಂಬುದು ಇತ್ಯರ್ಥವಾಗದೆ ದೇಶ ಆರಿಸಬೇಡಿ. ಫ್ರಾನ್ಸ್‌ನಲ್ಲಿ ವಧೂವರರಲ್ಲಿ ಒಬ್ಬರಾದರೂ, ಇಲ್ಲವೇ ಅವರ ತಂದೆತಾಯಿಯರಲ್ಲಿ ಒಬ್ಬರಾದರೂ ಆ ಊರಿನ ನಿವಾಸಿಯಾಗಿರಬೇಕು ಅಥವಾ ಕನಿಷ್ಠ ಒಂದು ತಿಂಗಳು ಸತತವಾಗಿ ಅಲ್ಲಿ ವಾಸವಿದ್ದಿರಬೇಕು. ಅದರ ಮೇಲೆ 10 ದಿನ ನೋಟಿಸು. ವಾರದ ಮಟ್ಟಿಗೆ ಬಂದವರಿಗೆ ಅಲ್ಲಿ ನೋಂದಣಿ ಆಗದು. ಡೆನ್ಮಾರ್ಕ್‌ನಲ್ಲಿ ಹೊರಗಿನವರಿಗೂ ಆಗುತ್ತದೆ, ಆದರೆ ವೈವಾಹಿಕ ಸ್ಥಿತಿಯ ಪ್ರಮಾಣಪತ್ರ ಮೊದಲೇ ಪಡೆದಿರಬೇಕು, ಅದರ ಅವಧಿ 4 ತಿಂಗಳು. ಅಲ್ಲೇ ನೋಂದಾಯಿಸಿದರೆ ಮದುವೆಯ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ (ದಾಖಲೆ ಬೇರೆ ದೇಶದಲ್ಲೂ ನಡೆಯಲೆಂದು ಹಾಕುವ ಅಧಿಕೃತ ಮುದ್ರೆ) ಹಾಕಿಸಿಕೊಂಡೇ ಮರಳಿ. ಈ ಮುದ್ರೆಯ ಕುರಿತ 1961ರ ಹೇಗ್ ಒಪ್ಪಂದಕ್ಕೆ ಸೇರದ ದೇಶವಾದರೆ ರಾಯಭಾರ ಕಚೇರಿಯ ದೃಢೀಕರಣ ಬೇಕು, ಅದು ಸುತ್ತುದಾರಿ. ನನ್ನ ಸಲಹೆ: ನಿಮ್ಮ ದೇಶದಲ್ಲಿ ಮೊದಲೇ ನೋಂದಣಿ, ಅಲ್ಲಿ ಸಮಾರಂಭ ಮಾತ್ರ. ಆಗ ಯಾವ ದಿನವಾದರೂ ನಡೆಯುತ್ತದೆ.

ಸಂಜೆಬೆಳಕು
"ಯಾವ ದಿನವಾದರೂ ನಡೆಯುತ್ತದೆ" ಅನ್ನೋದನ್ನ ನಾನು ಒಪ್ಪಲ್ಲ. ಕಡಲತೀರದ ಮದುವೆಗೆ ತಾರೀಖೇ ಮೊದಲು. ಹುಣ್ಣಿಮೆ ಆಸುಪಾಸು ಇಟ್ಕೊಳ್ಳಿ. ಸಮಭಾಜಕದ ಹತ್ತಿರದ ದೇಶಗಳಲ್ಲಿ ಸೂರ್ಯ ಮುಳುಗಿದ ಮೇಲೆ ಬೆಳಕು ಇರೋದು ಇಪ್ಪತ್ತು ಚಿಲ್ಲರೆ ನಿಮಿಷ ಅಷ್ಟೆ, ಆಮೇಲೆ ಎಲ್ಲಾ ಕಪ್ಪು. ಹುಣ್ಣಿಮೆ ದಿನ ಸೂರ್ಯ ಮುಳುಗೋ ಹೊತ್ತಿಗೇ ಚಂದ್ರ ಹುಟ್ತಾನೆ. ಊಟದ ಹೊತ್ತಿಗೆ ತೀರ ಪೂರ್ತಿ ಬೆಳದಿಂಗಳು. ಸಮಾರಂಭ ಸೂರ್ಯಾಸ್ತಕ್ಕೆ 60ರಿಂದ 75 ನಿಮಿಷ ಮುಂಚೆ ಶುರುವಾಗಲಿ: 30 ನಿಮಿಷ ಸಮಾರಂಭ, ಉಳಿದಿದ್ದು ಫೋಟೋಗೆ. ಆಹ್ವಾನದಲ್ಲಿ ಮಾತ್ರ ಇನ್ನೂ ಅರ್ಧ ಗಂಟೆ ಮುಂಚಿನ ಸಮಯ ಬರೀರಿ.

ಉಪ್ಪುಗಾಳಿ
ಹುಣ್ಣಿಮೆನಾ? ಕಡಲು ಅತಿ ಹೆಚ್ಚು ಮೇಲಕ್ಕೆ ಬರೋ ದಿನಾನೇ ಆರಿಸಿ ಕೊಟ್ರಲ್ಲ! ಹುಣ್ಣಿಮೆ, ಅಮಾವಾಸ್ಯೆ ಎರಡೂ ದಿನ ಸೂರ್ಯ ಚಂದ್ರ ಒಂದೇ ಸಾಲಿನಲ್ಲಿ ನಿಂತು ಎಳೀತಾರೆ, ಉಬ್ಬರ ದೊಡ್ಡದು. 60 ಕುರ್ಚಿ ಹತ್ತರಂತೆ ಆರು ಸಾಲು, ನಡುವೆ ಹಾದಿ, ಎದುರಿಗೆ ಮಂಟಪ ಅಂದ್ರೆ ನೀರಿನ ಗೆರೆಯಿಂದ ಒಳಕ್ಕೆ ಕನಿಷ್ಠ 12 ಮೀಟರ್ ಒಣ ಮರಳು ಬೇಕು. ಎಷ್ಟೋ ರೆಸಾರ್ಟ್‌ಗಳ ಮುಂದೆ ಹುಣ್ಣಿಮೆ ಉಬ್ಬರಕ್ಕೆ ಅಷ್ಟು ಮರಳು ಉಳಿಯಲ್ಲ. ಹಸಿ ಮರಳಲ್ಲಿ ಕುರ್ಚಿ ಕಾಲು ಹೂತು ಹೋಗುತ್ತೆ, ಸ್ಪೀಕರ್ ವೈರಿಗೆ ಉಪ್ಪುನೀರು ತಾಗಿದ್ರೆ ಇಎಲ್‌ಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್) ಟ್ರಿಪ್ ಆಗಿ ಎಲ್ಲಾ ದೀಪ ಒಂದೇ ಸಲ ಆರಿ ಹೋಗುತ್ತೆ. ಅಷ್ಟಮಿ ಆಸುಪಾಸು ಇಟ್ಕೊಳ್ಳಿ, ಉಬ್ಬರ ಚಿಕ್ಕದು.

ಉಬ್ಬರಲೆಕ್ಕ
ಉಪ್ಪುಗಾಳಿಯವರೇ, ಹುಣ್ಣಿಮೆಗೆ ಉಬ್ಬರ ದೊಡ್ಡದು ಎಂಬುದು ಅರ್ಧ ಮಾತು. ಅವತ್ತು ಇಳಿತವೂ ಅಷ್ಟೇ ದೊಡ್ಡದು. ದಿನಕ್ಕೆ ಎರಡು ಉಬ್ಬರ ಬರುವ ಕಡೆ ಒಂದು ಉಬ್ಬರದಿಂದ ಇನ್ನೊಂದಕ್ಕೆ 12 ಗಂಟೆ 25 ನಿಮಿಷ, ಹಾಗಾಗಿ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಎರಡು ವಾರಕ್ಕೆ ಸುತ್ತು ಮುಗಿಯುವುದರಿಂದ ಒಂದು ಜಾಗದಲ್ಲಿ ಹುಣ್ಣಿಮೆಯ ಉಬ್ಬರ ಯಾವಾಗಲೂ ಹೆಚ್ಚುಕಡಿಮೆ ಅದೇ ಗಡಿಯಾರದ ಹೊತ್ತಿಗೆ ಬರುತ್ತದೆ. ಹುಣ್ಣಿಮೆಗೆ ಮಧ್ಯಾಹ್ನ 12ಕ್ಕೆ ಉಬ್ಬರ ಬರುವ ತೀರ ಎಂದುಕೊಳ್ಳಿ. ಸಂಜೆ 6ರ ಸುಮಾರಿಗೆ ಇಳಿತ, ಉಬ್ಬರ-ಇಳಿತದ ಪಟ್ಟಿಯಲ್ಲಿ 0.2 ಮೀಟರ್. ನೀವು ಹೇಳಿದ ಅಷ್ಟಮಿಗೆ, ಏಳು ದಿನದಲ್ಲಿ ಸುಮಾರು ಆರು ಗಂಟೆ ಸರಿದು, ಅದೇ ತೀರದಲ್ಲಿ ಸಂಜೆ 6ರ ಸುಮಾರಿಗೆ ಉಬ್ಬರ, 1.5 ಮೀಟರ್. ಇಳಿಜಾರು 20ಕ್ಕೆ 1 (20 ಮೀಟರ್ ಉದ್ದಕ್ಕೆ 1 ಮೀಟರ್ ಇಳಿತಗ್ಗು) ಇದ್ದರೆ ವ್ಯತ್ಯಾಸ 1.3 × 20, ಅಂದರೆ 26 ಮೀಟರ್ ಮರಳು. ನಿಮ್ಮ ಸಲಹೆ ಕೇಳಿದವರು ಅಷ್ಟು ಜಾಗ ಕಳೆದುಕೊಳ್ಳುತ್ತಾರೆ.

ಸಂಜೆಬೆಳಕು
26 ಮೀಟರ್! ನೋಡಿ, ಲೆಕ್ಕವೇ ಹೇಳ್ತಿದೆ. ಹುಣ್ಣಿಮೆ ಸಂಜೆ ತೀರ ಅಗಲ. ಹಸಿ ಮರಳ ಮೇಲೆ ಆಕಾಶದ ಬಣ್ಣ ಪ್ರತಿಫಲಿಸೋದೂ ಇಳಿತದಲ್ಲೇ.

ಉಪ್ಪುಗಾಳಿ
"ಎಂದುಕೊಳ್ಳಿ" ಅಂತ ಶುರು ಮಾಡಿದ ಲೆಕ್ಕ ಅದು. ಉಬ್ಬರ ಸಂಜೆ 6ಕ್ಕೇ ಬರೋ ತೀರಗಳೂ ಇವೆ, ಅಲ್ಲಿ ಏನ್ ಮಾಡ್ತೀರಾ? ಸರಿ, ನಿಮ್ಮ ತೀರನೇ ಇಟ್ಕೊಳ್ಳೋಣ. ಸಂಜೆ 6ಕ್ಕೆ ಇಳಿತ ಅಂದ್ರೆ ರಾತ್ರಿ 12 ದಾಟಿದ ಮೇಲೆ ಮತ್ತೆ ದೊಡ್ಡ ಉಬ್ಬರ. ಹೊಸಹೆಜ್ಜೆಯವರು ಕೇಳಿದ್ದು ಬರೀ ಸಮಾರಂಭ ಅಲ್ಲ, ಮರಳ ಮೇಲೆ ಊಟ! ನೀರು ಗಂಟೆಗೆ ಒಂದೇ ಸಮ ಏರಲ್ಲ. ಆರು ಗಂಟೆಯ ಏರಿಕೇನ ಹನ್ನೆರಡು ಪಾಲು ಮಾಡಿದ್ರೆ ಮೊದಲ ಗಂಟೆಗೆ 1, ಎರಡನೇದಕ್ಕೆ 2, ಮೂರು ಮತ್ತು ನಾಲ್ಕನೇದಕ್ಕೆ 3-3, ಆಮೇಲೆ 2, ಕೊನೆಗೆ 1. ಅಂದ್ರೆ ರಾತ್ರಿ 8ರಿಂದ 10ರೊಳಗೆ ಅರ್ಧ ಏರಿಕೆ ಮುಗಿಯುತ್ತೆ. ಒಟ್ಟು ಏರಿಳಿತ 2 ಮೀಟರ್ ಇದ್ರೆ ಆ ಎರಡು ಗಂಟೇಲಿ 1 ಮೀಟರ್. ನಿಮ್ಮದೇ ಇಳಿಜಾರಿಗೆ ಹಾಕಿದ್ರೆ ನೀರಿನ ಗೆರೆ 20 ಮೀಟರ್ ಒಳಗೆ ಬಂತು, ಜನ ಊಟಕ್ಕೆ ಕೂತಿರೋ ಹೊತ್ತಲ್ಲಿ.

ಮುದ್ರೆ_ಸಹಿ
ಇದರ ನಡುವೆ ಪ್ರಶ್ನೆ ಮರೆತುಹೋಯಿತು. ಹೊಸಹೆಜ್ಜೆಯವರೇ, ಮದುವೆಯಾದ ಮೇಲೆ ಹೆಸರು ಬದಲಿಸುವ ಯೋಚನೆ ಇದ್ದರೆ ಹನಿಮೂನ್ ಟಿಕೆಟ್ ಹಳೆಯ ಹೆಸರಿನಲ್ಲೇ ಇರಲಿ. ಟಿಕೆಟ್, ವೀಸಾ, ಪಾಸ್‌ಪೋರ್ಟ್ ಮೂರರಲ್ಲೂ ಅಕ್ಷರ ಒಂದೇ ಇರಬೇಕು. ಮರಳಿ ಬಂದ ಮೇಲೆ ಬದಲಿಸಿ. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಬೇಕು ಎಂದು ಎಷ್ಟೋ ದೇಶಗಳು ಕೇಳುತ್ತವೆ. ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳು) ಅಲ್ಲಿಂದ ಹೊರಡುವ ದಿನದಿಂದ ಮೂರು ತಿಂಗಳು ಸಾಕು, ಆದರೆ ಪಾಸ್‌ಪೋರ್ಟ್ ಕೊಟ್ಟು 10 ವರ್ಷ ಮೀರಿರಬಾರದು.

ಉಬ್ಬರಲೆಕ್ಕ
ಹನ್ನೆರಡು ಪಾಲಿನ ಸೂತ್ರ ಅಂದಾಜಿಗೆ ಮಾತ್ರ. ಉಬ್ಬರ ಇಳಿತ ಸಮನಾಗಿರುವ ಕಡೆ ಸರಿಹೋಗುತ್ತದೆ, ಅಳಿವೆಯ ಬಾಯಲ್ಲಿ ತಪ್ಪುತ್ತದೆ. ಅದಿರಲಿ, "ಅತಿ ಹೆಚ್ಚು ಮೇಲಕ್ಕೆ ಬರೋ ದಿನ" ಹುಣ್ಣಿಮೆ ಎಂದಿರಲ್ಲ, ಅದೂ ತಪ್ಪು. ಬಹಳ ಕಡೆ ಅತಿ ದೊಡ್ಡ ಉಬ್ಬರ ಬರುವುದು ಹುಣ್ಣಿಮೆ ಕಳೆದು ಒಂದೆರಡು ದಿನಕ್ಕೆ.

ಉಪ್ಪುಗಾಳಿ
ಒಂದೆರಡು ದಿನದ ವ್ಯತ್ಯಾಸ ಹಿಡ್ಕೊಂಡು ಎಳೀತೀರಾ, ಊಟದ ಮೇಜು ಮುಳುಗೋ ಮಾತಿಗೆ ಉತ್ತರ ಇಲ್ಲ. ಪಟ್ಟೀಲಿರೋ ಅಂಕಿ ಮರಳಿಂದ ಅಳೆದಿದ್ದಲ್ಲ, ಕಡಲ ನಕ್ಷೆಯ ತಳಮಟ್ಟದಿಂದ, ಅಂದ್ರೆ ಹೆಚ್ಚುಕಡಿಮೆ ಅತಿ ಕೆಳಗಿನ ಇಳಿತದ ಮಟ್ಟದಿಂದ ಅಳೆದಿದ್ದು. ಅದರಲ್ಲಿ ಅಲೆ ಲೆಕ್ಕ ಇಲ್ಲ, ಗಾಳಿ ಲೆಕ್ಕ ಇಲ್ಲ. ವಾಯುಭಾರ 1 ಹೆಕ್ಟೊಪಾಸ್ಕಲ್ ಇಳಿದ್ರೆ ನೀರು ಸುಮಾರು 1 ಸೆಂಟಿಮೀಟರ್ ಏರುತ್ತೆ. 2019ರ ನವೆಂಬರ್ 12, ವೆನಿಸ್‌ನಲ್ಲಿ ನೀರು 187 ಸೆಂಟಿಮೀಟರ್ ಮುಟ್ಟಿತು. ಅವತ್ತು ಏನು? ಹುಣ್ಣಿಮೆ!

ಉಬ್ಬರಲೆಕ್ಕ
ವೆನಿಸ್‌ನ ದಾಖಲೆ 187 ಅಲ್ಲ, 194 ಸೆಂಟಿಮೀಟರ್. 1966ರ ನವೆಂಬರ್ 4. ಅದೇ ತಿಂಗಳ 12ಕ್ಕೆ ಸಂಪೂರ್ಣ ಸೂರ್ಯಗ್ರಹಣ ಇತ್ತು, ಅಂದರೆ ಅವತ್ತು ಅಮಾವಾಸ್ಯೆ. ಎಂಟು ದಿನ ಹಿಂದಕ್ಕೆ ಎಣಿಸಿ: ಅಷ್ಟಮಿಯ ಆಸುಪಾಸು. ನೀವು ಸುರಕ್ಷಿತ ಎಂದ ಕಾಲ ಅದೇ. ನೀರು ತಳ್ಳಿದ್ದು ಆಗ್ನೇಯದಿಂದ ಬೀಸುವ ಸಿರೊಕ್ಕೊ ಗಾಳಿ, ಚಂದ್ರನಲ್ಲ.

ಉಪ್ಪುಗಾಳಿ
ಗಾಳಿ ಮುಖ್ಯ ಅಂತ ನಾನೇ ತಾನೆ ಹೇಳಿದ್ದು! ಅದನ್ನೇ ತಿರುಗಿಸಿ ನನಗೇ ಹೇಳ್ತಿದ್ದೀರಾ?

ದಾರಿಬುತ್ತಿ
ವೆನಿಸ್ ಬಿಡಿ, ಮೆಡಿಟರೇನಿಯನ್‌ನ ಬಹುಪಾಲು ತೀರದಲ್ಲಿ ಏರಿಳಿತ ಅರ್ಧ ಮೀಟರೂ ಇಲ್ಲ. ಕೆರಿಬಿಯನ್‌ನಲ್ಲೂ ಬಹಳ ಕಡೆ ಹಾಗೇ. ಅಂಥಾ ಕಡೆ ಹುಣ್ಣಿಮೆಯಾದ್ರೇನು ಅಷ್ಟಮಿಯಾದ್ರೇನು. ಹನಿಮೂನ್ ಎಲ್ಲಿಗೆ ಅನ್ನೋ ಮಾತು ಯಾರೂ ಎತ್ತಿಲ್ಲ, ಅದಕ್ಕೆ ಹೇಳ್ತೀನಿ: ಅಲ್ಲಿಂದ ಮಾಲ್ಡೀವ್ಸ್‌ಗೆ ಹೋಗೋದಾದ್ರೆ ದೂರದ ದ್ವೀಪಗಳಿಗೆ ಸೀಪ್ಲೇನ್ ಹಾರೋದು ಹಗಲು ಮಾತ್ರ. ರಾಜಧಾನಿ ಮಾಲೆಗೆ ಸಂಜೆ ಇಳಿದ್ರೆ ಆ ರಾತ್ರಿ ಅಲ್ಲೇ ಕಳೀಬೇಕು, ರೆಸಾರ್ಟ್‌ನ ಒಂದು ರಾತ್ರಿ ದುಡ್ಡು ಸುಮ್ಮನೆ ಹೋಗುತ್ತೆ. ಸೀಪ್ಲೇನ್‌ನಲ್ಲಿ ಸಾಮಾನಿನ ತೂಕಕ್ಕೂ ಕಟ್ಟುನಿಟ್ಟು. ಮದುವೆ ಬಟ್ಟೆಯ ಪೆಟ್ಟಿಗೇನ ಊರಿಗೆ ಹೋಗೋರ ಕೈಲಿ ಕಳಿಸಿಬಿಡಿ.

ಮೋಡಬಂತು
ಕೆರಿಬಿಯನ್ ಹೆಸರೆತ್ತಿದವರು ಚಂಡಮಾರುತದ ಕಾಲ ಹೇಳದೆ ಬಿಟ್ಟಿದ್ದೀರಿ. ಅಟ್ಲಾಂಟಿಕ್‌ನಲ್ಲಿ ಜೂನ್ 1ರಿಂದ ನವೆಂಬರ್ 30, ಅದರ ತುತ್ತತುದಿ ಸೆಪ್ಟೆಂಬರ್ 10ರ ಸುಮಾರಿಗೆ. ಅರೂಬಾ, ಬೊನೇರ್, ಕುರಸಾವ್ ದಕ್ಷಿಣಕ್ಕೆ ಇರುವುದರಿಂದ ಅಪಾಯ ಕಡಿಮೆ. ವಿಮೆಯನ್ನು ಮೊದಲ ಮುಂಗಡ ಕಟ್ಟಿದ ಕೂಡಲೇ ಮಾಡಿಸಿ. ಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ಪಾಲಿಸಿ ಆ ಮಾರುತದ ನಷ್ಟ ಕೊಡುವುದಿಲ್ಲ, ಅದು ಗೊತ್ತಿರುವ ಅಪಾಯ ಎನಿಸಿಕೊಳ್ಳುತ್ತದೆ.

ನೇರನುಡಿ
ಎಲ್ಲರೂ ನೀರಲ್ಲೇ ಮುಳುಗಿದ್ದೀರಿ, ಬೆಳದಿಂಗಳ ಮಾತನ್ನ ಯಾರೂ ಪರೀಕ್ಷೆ ಮಾಡಲಿಲ್ಲ. ಸಂಜೆಬೆಳಕು ಅವರೇ, ಸೂರ್ಯ ಕಡಲಲ್ಲಿ ಮುಳುಗಬೇಕಾದ್ರೆ ತೀರ ಪಶ್ಚಿಮಕ್ಕೆ ಮುಖ ಮಾಡಿರಬೇಕು. ಹುಣ್ಣಿಮೆ ಚಂದ್ರ ಹುಟ್ಟೋದು ಎದುರು ದಿಕ್ಕಿನಲ್ಲಿ, ಪೂರ್ವಕ್ಕೆ. ಅಂದ್ರೆ ಹೋಟೆಲ್ ಕಟ್ಟಡದ ಹಿಂದೆ, ಗುಡ್ಡ ಇದ್ರೆ ಗುಡ್ಡದ ಹಿಂದೆ. ಅದನ್ನ ದಾಟಿ ಮೇಲೆ ಬರೋಕೆ ಎಷ್ಟು ಹೊತ್ತು?

ಸಂಜೆಬೆಳಕು
ಅದಕ್ಕೇ ನಾನು "ಆಸುಪಾಸು" ಅಂತ ಬರೆದಿದ್ದು. ಹುಣ್ಣಿಮೆಯ ಹಿಂದಿನ ದಿನ ಚಂದ್ರ ಸುಮಾರು 50 ನಿಮಿಷ ಮೊದಲೇ ಹುಟ್ತಾನೆ. ಸಮಭಾಜಕದ ಹತ್ತಿರ ಗಂಟೆಗೆ 15 ಡಿಗ್ರಿ ಏರ್ತಾನೆ, ಹಾಗಾಗಿ ಸೂರ್ಯ ಮುಳುಗೋ ಹೊತ್ತಿಗೆ ಆಗಲೇ 10-12 ಡಿಗ್ರಿ ಮೇಲಿರ್ತಾನೆ. ಆಕಾಶದಲ್ಲಿ ಇನ್ನೂ ಬೆಳಕಿರುತ್ತೆ, ಒಂದೇ ಫೋಟೋದಲ್ಲಿ ಮುಖವೂ ಬರುತ್ತೆ ಚಂದ್ರನೂ ಬರ್ತಾನೆ. ಹುಣ್ಣಿಮೆ ದಿನವೇ ಕಾದ್ರೆ ಚಂದ್ರ ಮೇಲೆ ಬರೋ ಹೊತ್ತಿಗೆ ಆಕಾಶ ಕಪ್ಪಾಗಿ ಚಂದ್ರ ಬರೀ ಬಿಳಿ ಚುಕ್ಕೆ ಆಗಿಬಿಡ್ತಾನೆ.

ಉಪ್ಪುಗಾಳಿ
ಹಾಗಾದ್ರೆ ಹುಣ್ಣಿಮೆ ಬೇಡ ಅಂತ ನೀವೂ ಹೇಳಿದ ಹಾಗಾಯ್ತು.

ಸಂಜೆಬೆಳಕು
ನಾನು ಹಾಗೆ ಹೇಳಿಲ್ಲ. ಹಿಂದಿನ ದಿನಕ್ಕೂ ಅಷ್ಟಮಿಗೂ ಆರು ದಿನದ ಅಂತರ ಇದೆ.

ಉಬ್ಬರಲೆಕ್ಕ
ಮತ್ತೊಂದು ವಿಷಯ. ಮೆಕ್ಸಿಕೊ ಕೊಲ್ಲಿಯ ಹಲವು ಕಡೆ, ಥಾಯ್ಲೆಂಡ್ ಕೊಲ್ಲಿಯ ಕೆಲವು ಭಾಗದಲ್ಲಿ ದಿನಕ್ಕೆ ಒಂದೇ ಉಬ್ಬರ. ಅಲ್ಲಿ ಅದರ ದೊಡ್ಡತನ ಹುಣ್ಣಿಮೆ ಅಮಾವಾಸ್ಯೆಯನ್ನು ಅನುಸರಿಸುವುದಿಲ್ಲ. ಚಂದ್ರ ಸಮಭಾಜಕದಿಂದ ಉತ್ತರಕ್ಕೋ ದಕ್ಷಿಣಕ್ಕೋ ಎಷ್ಟು ಸರಿದಿದ್ದಾನೆ ಎಂಬುದನ್ನು ಅನುಸರಿಸುತ್ತದೆ. ಆದ್ದರಿಂದ "ಹುಣ್ಣಿಮೆ ಬೇಡ" ಎಂಬ ಒಂದೇ ನಿಯಮವನ್ನು ಎಲ್ಲ ತೀರಕ್ಕೂ ಹಚ್ಚಬೇಡಿ.

ನೇರನುಡಿ
ಎಲ್ಲ ತೀರಕ್ಕೂ ಬೇಡ ಅಂದ್ರೆ "ಯಾವಾಗಲೂ ಅದೇ ಗಡಿಯಾರದ ಹೊತ್ತಿಗೆ" ಅನ್ನೋ ನಿಮ್ಮ ನಿಯಮವೂ ಬಿತ್ತು.

ಉಬ್ಬರಲೆಕ್ಕ
ಬಿದ್ದಿಲ್ಲ. ದಿನಕ್ಕೆ ಎರಡು ಉಬ್ಬರ ಬರುವ ಕಡೆ ಎಂದು ಹೇಳಿಯೇ ಶುರು ಮಾಡಿದ್ದೆ, ಮೇಲೆ ಹೋಗಿ ಓದಿ.

ಹೊಸಹೆಜ್ಜೆ
ಇಷ್ಟೊಂದು ಯೋಚನೆ ಮಾಡಿರಲಿಲ್ಲ. ಸಮಾರಂಭ ಮರಳ ಮೇಲೆ, ಊಟ ರೆಸಾರ್ಟ್‌ನ ಹುಲ್ಲುಹಾಸಿನ ಮೇಲೆ ಇಟ್ಕೊಂಡ್ರೆ ಈ ತೊಂದರೆ ಮುಗಿಯುತ್ತಾ? ಅತಿಥಿಗಳಿಗೆ ಕೋಣೆ ಈಗಲೇ ಹಿಡಿದಿಡಿ ಅಂತಿದ್ದಾರೆ, 30 ಕೋಣೆ.

ದಾರಿಬುತ್ತಿ
ಕೋಣೆ ಒಪ್ಪಂದದಲ್ಲಿ ಕನಿಷ್ಠ ಎಷ್ಟು ತುಂಬಲೇಬೇಕು ಅನ್ನೋ ಕಲಮು ಹುಡುಕಿ. ಅದು 80 ಪ್ರತಿಶತ ಅಂತಿದ್ರೆ 30ರಲ್ಲಿ 24 ತುಂಬಬೇಕು. 18 ಕೋಣೆಗೆ ಮಾತ್ರ ಜನ ಬಂದ್ರೆ ಬಾಕಿ 6ರ ಬಾಡಿಗೆ ನಿಮ್ಮ ತಲೆ ಮೇಲೆ. ಬರ್ತೀವಿ ಅಂದವರೆಲ್ಲ ಟಿಕೆಟ್ ತಗೊಳ್ಳಲ್ಲ. 20ಕ್ಕೆ ಸಹಿ ಹಾಕಿ, ಉಳಿದ 10ನ್ನ ಇಂಥಾ ತಾರೀಖಿನವರೆಗೆ ದಂಡವಿಲ್ಲದೆ ಬಿಟ್ಟುಕೊಡಬಹುದು ಅಂತ ಬರೆಸಿಕೊಳ್ಳಿ.

ಉಪ್ಪುಗಾಳಿ
ಹುಲ್ಲುಹಾಸು ಅಂದ ಮಾತ್ರಕ್ಕೆ ಮುಗಿಯಲ್ಲ. ಮರಳಲ್ಲಿರೋ ಮಂಟಪ, ಸ್ಪೀಕರ್, ಕುರ್ಚಿ ಎಲ್ಲಾ ರಾತ್ರಿ 8ರೊಳಗೆ ಮೇಲೆ ಬರಬೇಕು, ಅದಕ್ಕೆ ಬೇರೆ ಆಳು ಬೇಕು. ಊಟ ಬಡಿಸೋರನ್ನೇ ಅದಕ್ಕೂ ಕಳಿಸಿದ್ರೆ ಎರಡೂ ಕೆಡುತ್ತೆ. ಮಂಟಪಕ್ಕೆ ಗೂಟ ಹೊಡೆದು ನಂಬಬೇಡಿ, ಸಡಿಲ ಮರಳಲ್ಲಿ ಗೂಟ ನಿಲ್ಲಲ್ಲ. ಕಂಬದ ಬುಡಕ್ಕೆ ನೀರಿನ ಡ್ರಮ್ ಕಟ್ಟಿಸಿ, 200 ಲೀಟರ್ ಅಂದ್ರೆ 200 ಕೆಜಿ ಭಾರ. ಕಾಲರ್ ಮೈಕಿಗೆ ತುಪ್ಪಳದ ಕವರ್ ಇಲ್ಲದಿದ್ರೆ ರೆಕಾರ್ಡಿಂಗ್‌ನಲ್ಲಿ ಗಾಳಿ ಸದ್ದು ಬಿಟ್ಟು ಬೇರೇನೂ ಕೇಳಲ್ಲ.

ಮುದ್ರೆ_ಸಹಿ
"ಮರಳ ಮೇಲೆ" ಎಂದಿರಿ. ಬಹಳಷ್ಟು ದೇಶಗಳಲ್ಲಿ ಉಬ್ಬರದ ಗೆರೆಯ ಕೆಳಗಿನ ಮರಳು ರೆಸಾರ್ಟ್‌ನದಲ್ಲ, ಸಾರ್ವಜನಿಕ ಜಾಗ. ಕುರ್ಚಿ ಹಾಕಲು, ಧ್ವನಿವರ್ಧಕ ಇಡಲು ಅನುಮತಿ ಯಾರ ಹೆಸರಿನಲ್ಲಿ ಎಂದು ಲಿಖಿತವಾಗಿ ಕೇಳಿ. ಇಳಿತಕ್ಕೆ ಸಿಗುವ ಆ 26 ಮೀಟರ್ ಇದೆಯಲ್ಲ, ಅನುಮತಿ ಇಲ್ಲದಿದ್ದರೆ ಅಲ್ಲಿ ಒಂದು ಕುರ್ಚಿಯನ್ನೂ ಇಡುವಂತಿಲ್ಲ.

ಉಬ್ಬರಲೆಕ್ಕ
ಅನುಮತಿ ಬೇರೆ ಪ್ರಶ್ನೆ, 26 ಮೀಟರ್ ಸುಳ್ಳಾಗುವುದಿಲ್ಲ. ಹೊಸಹೆಜ್ಜೆಯವರೇ, ತೀರ ಗೊತ್ತಾದ ಮೇಲೆ ಹತ್ತಿರದ ಬಂದರಿನ ಪಟ್ಟಿ ತೆಗೆದು ನಿಮ್ಮ ವಾರದ ಏಳೂ ದಿನ ಸಂಜೆ 5ರಿಂದ ರಾತ್ರಿ 12ರವರೆಗಿನ ಎತ್ತರ ಬರೆದುಕೊಳ್ಳಿ. ಪಟ್ಟಿಯಲ್ಲಿ ಬೇಸಿಗೆಯ ಗಡಿಯಾರ ಬದಲಾವಣೆ (ಕೆಲವು ದೇಶಗಳು ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತವೆ) ಸೇರಿದೆಯೋ ಇಲ್ಲವೋ ನೋಡಿ, ಇಲ್ಲದಿದ್ದರೆ ಒಂದು ಗಂಟೆ ತಪ್ಪುತ್ತದೆ.

ಉಪ್ಪುಗಾಳಿ
ಪಟ್ಟಿ ನೋಡಿ, ಬೇಡ ಅನ್ನಲ್ಲ. ಅದರ ಜೊತೆಗೆ ರೆಸಾರ್ಟಿನವರ ಹತ್ರ ಹಿಂದಿನ ಹುಣ್ಣಿಮೆ ಉಬ್ಬರದ ಹೊತ್ತಿಗೆ ತೆಗೆದ ಫೋಟೋ ಕೇಳಿ, ಒದ್ದೆ ಗೆರೆ ಎಲ್ಲಿತ್ತು ಅಂತ ಕಾಣುತ್ತೆ. ಅವತ್ತು ಬೆಳಿಗ್ಗೆ ಎಷ್ಟು ಗಂಟೆಗೆ, ಯಾರು "ಒಳಗೆ ಮಾಡೋಣ" ಅಂತ ತೀರ್ಮಾನ ಮಾಡ್ತಾರೆ ಅನ್ನೋದನ್ನ ಒಪ್ಪಂದದಲ್ಲೇ ಬರೆಸಿ. ನನ್ನ ಮಾತು ಬದಲಾಗಲ್ಲ: ಅಷ್ಟಮಿ.

ಸಂಜೆಬೆಳಕು
ಹುಣ್ಣಿಮೆ ಹಿಂದಿನ ದಿನ, ಊಟ ಹುಲ್ಲುಹಾಸಿನ ಮೇಲೆ. ಹುಲ್ಲುಹಾಸಿನ ದೀಪಗಳಿಗೆ ಡಿಮ್ಮರ್ ಇದೆಯಾ ಅಂತ ಈಗಲೇ ಕೇಳಿಡಿ.