ವೆಂಡೆಟಾ ಅಂದರೆ ಬರೀ ಸೇಡಾ?

ಬಯಲುಸೀಮೆ_ಹುಡುಗ: ಯಾವ ಪಕ್ಷದವರ ಮನೆ ಮೇಲೆ ಇ.ಡಿ. ದಾಳಿ ಆದರೂ ಸಂಜೆ ಟಿವಿಯಲ್ಲಿ ಬಂದು 'ಪೊಲಿಟಿಕಲ್ ವೆಂಡೆಟಾ' ಅನ್ನುತ್ತಾರೆ. ಸುಮ್ನೆ 'ರಿವೆಂಜ್' ಅಂದರೆ ಆಗಲ್ವಾ? ಎರಡೂ ಸೇಡೇ ತಾನೆ? ಕ್ರಿಕೆಟ್ ಮ್ಯಾಚಿಗೂ ವೆಂಡೆಟಾ ಅನ್ನಬಹುದಾ?

ಹಳೇಮೇಷ್ಟ್ರು: ಕ್ರಿಕೆಟ್ಟಿಗೆ ಬೇಡ. 2022ರಲ್ಲಿ ಅಡಿಲೇಡ್‌ನಲ್ಲಿ ಟಿ20 ವಿಶ್ವಕಪ್ ಸೆಮಿಫೈನಲ್, ಇಂಗ್ಲೆಂಡ್ ನಮ್ಮನ್ನು 10 ವಿಕೆಟ್‌ಗಳಿಂದ ಹೊಡೆದು ಕಳಿಸಿತ್ತು. 2024ರ ಸೆಮಿಫೈನಲ್‌ನಲ್ಲಿ, ಗಯಾನಾದಲ್ಲಿ, ನಾವು 68 ರನ್‌ಗಳಿಂದ ಗೆದ್ದೆವು. ಲೆಕ್ಕ ಚುಕ್ತಾ. ಅದು ರಿವೆಂಜ್.

ವೆಂಡೆಟಾ ಹಾಗೆ ಮುಗಿಯುವುದಿಲ್ಲ. ಇಟಾಲಿಯನ್ ಮಾತು ಅದು, ಕಾರ್ಸಿಕಾ ದ್ವೀಪದ ಮನೆತನಗಳ ಜಗಳದಿಂದ ಹೆಸರಾಯಿತು. 1768ರವರೆಗೂ ಆ ದ್ವೀಪ ಇಟಲಿಯ ಜಿನೋವಾ ನಗರದವರ ಕೈಯಲ್ಲಿತ್ತು, ಅವರ ಕೋರ್ಟನ್ನು ಜನ ನಂಬುತ್ತಿರಲಿಲ್ಲ, ಹಾಗಾಗಿ ಒಬ್ಬನ ಕೊಲೆಯಾದರೆ ಅವನ ಅಣ್ಣತಮ್ಮಂದಿರೋ ದಾಯಾದಿಗಳೋ ಕೊಂದವನನ್ನೇ ಅಥವಾ ಅವನ ಮನೆಯ ಇನ್ಯಾರನ್ನಾದರೂ ಕೊಲ್ಲಬೇಕು, ಆಮೇಲೆ ಆ ಕಡೆಯವರ ಸರದಿ, ಹೀಗೆ ಮಕ್ಕಳ ಕಾಲಕ್ಕೂ ಹರಿಯುತ್ತಿತ್ತು. ಏನೂ ಮಾಡದವನೂ ಆ ಮನೆಯಲ್ಲಿ ಹುಟ್ಟಿದ್ದಕ್ಕೇ ಸಾಯುತ್ತಿದ್ದ!

ತುಂಗಾತೀರ: ಕನ್ನಡದಲ್ಲೇ ನೋಡಿ. ಸೇಡು *ತೀರಿಸಿಕೊಳ್ಳುತ್ತೇವೆ*, ಹಗೆ *ಸಾಧಿಸುತ್ತೇವೆ*. ವೆಂಡೆಟಾ ಹಗೆ ಸಾಧಿಸೋದಕ್ಕೆ ಹತ್ತಿರ. ಬಳಸುವಾಗ ಒಂದು ನೆನಪಿರಲಿ, ಅದು ಕ್ರಿಯಾಪದ ಅಲ್ಲ, 'ಐ ವಿಲ್ ವೆಂಡೆಟಾ ಹಿಮ್' ಅನ್ನೋಕಾಗಲ್ಲ. 'ಹಿ ಹ್ಯಾಸ್ ಎ ವೆಂಡೆಟಾ ಅಗೇನ್ಸ್ಟ್ ಮಿ' ಸರಿ. ರಿವೆಂಜ್ ಆದರೆ 'ಟೇಕ್ ರಿವೆಂಜ್ ಆನ್'. ಇನ್ನು ತಂದೆಯ ಸಾವಿಗೆ ಮಗ ಸೇಡು ತೀರಿಸಿಕೊಂಡ ಅನ್ನೋಕೆ 'ಅವೆಂಜ್', ಅದರಲ್ಲಿ ನ್ಯಾಯ ತನ್ನ ಕಡೆ ಇದೆ ಅನ್ನೋ ದನಿ ಇರುತ್ತದೆ.

ಡೆಸ್ಕ್‌ಮ್ಯಾನ್: ರಾಜಕಾರಣಿಗಳು ಈ ಪದ ಆರಿಸೋದು ಸುಮ್ನೆ ಅಲ್ಲ. ರಿವೆಂಜ್ ಅಂದರೆ 'ಮೊದಲು ನೀನೇನು ಮಾಡಿದ್ದೆ?' ಅನ್ನೋ ಪ್ರಶ್ನೆ ಬರುತ್ತದೆ. ವೆಂಡೆಟಾ ಅಂದರೆ ಕೇಸಲ್ಲಿ ಹುರುಳಿಲ್ಲ, ನನ್ನ ಬೆನ್ನು ಬಿದ್ದಿದ್ದಾರೆ ಅಷ್ಟೆ ಅಂತ. ಅದು ಆರೋಪ, ಸಾಬೀತಾದ ಸಂಗತಿ ಅಲ್ಲ. ಅದಕ್ಕೇ ಪತ್ರಿಕೆಯಲ್ಲಿ ನಾವು 'ಸೇಡಿನ ರಾಜಕಾರಣ ಎಂದು ದೂರಿದರು' ಅಂತ ಬರೆಯುತ್ತೇವೆ, 'ಸೇಡಿನ ರಾಜಕಾರಣ ನಡೆದಿದೆ' ಅಂತ ಬರೆಯಲ್ಲ.

ಬಯಲುಸೀಮೆ_ಹುಡುಗ: ಹಗೆ ಸಾಧಿಸೋದು, ಈಗ ತಲೆಗೆ ಹೋಯ್ತು. ಹಾಗಾದ್ರೆ ಇಂಗ್ಲಿಷ್ ಪೇಪರಲ್ಲಿ ಮಳೆ 'ವಿತ್ ಎ ವೆಂಜನ್ಸ್' ವಾಪಸ್ ಬಂತು ಅಂತಾರಲ್ಲ, ಮಳೆಗೆ ಯಾರ ಮೇಲೆ ಸೇಡು?

ತುಂಗಾತೀರ: ಯಾರ ಮೇಲೂ ಇಲ್ಲ ಮಾರಾಯ. ಅಲ್ಲಿ 'ಸಿಕ್ಕಾಪಟ್ಟೆ ಜೋರಾಗಿ' ಅಂತಷ್ಟೇ ಅರ್ಥ.