ಸಹಾಯ ಬೇಕು: ವೇಲ್ಯಾಂಡ್‌ನಲ್ಲಿ ಒಂದೇ ಒಂದು ಹಳೆ ಆಪ್‌ಗೆ ಬೇರೆ ಸ್ಕೇಲ್ ಕೊಡೋದು ಹೇಗೆ?

ನಮಸ್ಕಾರ ಎಲ್ಲರಿಗೂ. ಲ್ಯಾಪ್‌ಟಾಪ್ ಪರದೆ 4ಕೆ, ಪಕ್ಕದಲ್ಲಿ 1080ಪಿ ಮಾನಿಟರ್. ಲಿನಕ್ಸ್‌ನ ಕೆಡಿಇ ಪ್ಲಾಸ್ಮಾ 6 ಡೆಸ್ಕ್‌ಟಾಪ್, ವೇಲ್ಯಾಂಡ್ (ಪರದೆ ಮೇಲೆ ವಿಂಡೋಗಳನ್ನ ತೋರಿಸೋ ಹೊಸ ವ್ಯವಸ್ಥೆ) ಸೆಷನ್. 4ಕೆ ಪರದೆಗೆ 175%, 1080ಪಿಗೆ 100% ಸ್ಕೇಲ್ (ಅಕ್ಷರ, ಬಟನ್‌ಗಳ ಗಾತ್ರ) ಇಟ್ಟಿದ್ದೀನಿ. ಹೊಸ ಆಪ್‌ಗಳಲ್ಲಿ ಏನೂ ತಕರಾರಿಲ್ಲ.

ತಲೆನೋವು ಎಕ್ಸ್‌ವೇಲ್ಯಾಂಡ್ (ಹಳೆ ಎಕ್ಸ್11 ವ್ಯವಸ್ಥೆಗೆ ಬರೆದ ಆಪ್‌ಗಳನ್ನ ವೇಲ್ಯಾಂಡ್‌ನಲ್ಲಿ ಓಡಿಸೋ ಸೇತುವೆ) ಮೂಲಕ ಓಡೋ ಹಳೆ ಆಪ್‌ಗಳದ್ದು. ಸಿಸ್ಟಮ್ ಸ್ಕೇಲ್ ಮಾಡಿದರೆ ಅಕ್ಷರ ಮಸುಕು, ಒತ್ತಕ್ಷರವಂತೂ ಬರೀ ಮಸಿ ಕಲೆ ಥರ ಕಾಣುತ್ತೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಆಪ್‌ಗಳೇ ಸ್ಕೇಲ್ ಮಾಡಿಕೊಳ್ಳಲಿ ಅನ್ನೋ ಆಯ್ಕೆ ಹಾಕಿದೆ. ಹೆಚ್ಚಿನವು ಸ್ಪಷ್ಟವಾದವು. ಆದರೆ ಜಿಟಿಕೆ 2ರಲ್ಲಿ (ಮೆನು, ಬಟನ್ ಕಟ್ಟೋ ಹಳೆ ಟೂಲ್‌ಕಿಟ್) ಬರೆದ ಒಂದು ಆಪ್‌ನ ಮೆನು ಈಗ ಓದೋಕೇ ಆಗದಷ್ಟು ಚಿಕ್ಕದು. ಜಿಟಿಕೆ ಆಪ್‌ಗಳ ಗಾತ್ರ ಬದಲಿಸೋ ಜಿಡಿಕೆ ಸ್ಕೇಲ್ ವೇರಿಯಬಲ್ ಕೊಟ್ಟರೂ ಜಪ್ಪಯ್ಯ ಅನ್ನಲ್ಲ.

ಎಕ್ಸ್11 ಸೆಷನ್‌ಗೂ ಹೋಗಿ ನೋಡಿದೆ. ಅಲ್ಲಿ ನನ್ನ ಎಕ್ಸ್‌ಡೊಟೂಲ್ (ಕೀ ಒತ್ತೋದು, ವಿಂಡೋ ಸರಿಸೋದನ್ನ ತಾನೇ ಮಾಡೋ ಸಾಧನ) ಸ್ಕ್ರಿಪ್ಟ್‌ಗಳೆಲ್ಲ ಓಡ್ತವೆ (ವೇಲ್ಯಾಂಡ್‌ನಲ್ಲಿ ಒಂದು ಆಪ್ ಇನ್ನೊಂದರ ವಿಂಡೋಗೆ ಕೈ ಹಾಕೋ ಹಾಗಿಲ್ಲ, ಸುರಕ್ಷತೆಗೆ ಒಳ್ಳೇದೇ ಬಿಡಿ). ಆದರೆ ಎರಡೂ ಪರದೆಗೆ ಒಂದೇ ಸ್ಕೇಲ್ ಆಗಿ, 1080ಪಿಯಲ್ಲಿ ಎಲ್ಲಾ ವಿಪರೀತ ದೊಡ್ಡದು. ಹಾಗಾಗಿ ವಾಪಸ್ ಹೋಗೋ ಮನಸ್ಸಿಲ್ಲ.

ನನ್ನ ಪ್ರಶ್ನೆ ಇಷ್ಟೇ: ಉಳಿದವನ್ನು ಹಾಗೇ ಬಿಟ್ಟು, ಈ ಒಂದು ಆಪ್‌ಗೆ ಮಾತ್ರ ಸಿಸ್ಟಮ್ ಸ್ಕೇಲಿಂಗ್ ಕೊಡೋಕೆ ದಾರಿ ಇದೆಯಾ? ಇಲ್ಲಾಂದ್ರೆ ಗೇಮ್‌ಸ್ಕೋಪ್ (ಆಪನ್ನ ತನ್ನದೇ ಪ್ರತ್ಯೇಕ ಪುಟ್ಟ ಪರದೆಯೊಳಗೆ ಓಡಿಸೋ ಸಾಧನ) ಒಳಗೆ ಓಡಿಸಿದರೆ ಕಾಪಿ-ಪೇಸ್ಟ್, ಕನ್ನಡ ಟೈಪಿಂಗ್ ಎರಡೂ ಸರಿಯಾಗಿ ನಡೆಯುತ್ತಾ? ಬಳಸಿ ನೋಡಿದವರು ದಯವಿಟ್ಟು ತಿಳಿಸಿ.